ಗಾಲಿ ಹಿಡಿದ ಸವಾರ

ಎಲ್ಲರಿಗಿಂತ ಕೊನೆಗೆ ಹೊರಟ. ಎಲ್ಲರಿಗಿಂತ ಕೊನೆಗೆ ಮುಟ್ಟಿದ. ಆದರೂ ಅವನೇ ಮೊದಲಿಗ. ಯಾರವನು?

ಹೇಳಿ ನೋಡೋಣ. ಆಮೆ ಎನ್ನಬೇಡಿ, ಆಮೆ ಮೊಲಕ್ಕಿಂತ ಮೊದಲೇ ಮುಟ್ಟಿತ್ತು. ಅಡುಗೆಭಟ್ಟ ಎನ್ನಬೇಡಿ, ಅವನು ಕೊನೆಗೆ ಉಣ್ಣುವುದು ನಮ್ಮ ಕಣ್ಣೆದುರಿಗೆ ಮಾತ್ರ. ಸೋತಿರಾ? ನಾಚಿಕೆ ಬೇಡ. ಮಲಕಾರಿಯೂ ಸೋತಿದ್ದ. ಅವನಿಗೆ ಈ ಒಗಟು ಹಾಕಿದವರು ಸೈಕಲ್ ಕಲಿಸುವ ಬಂದೇನವಾಜ ಮಾಸ್ತರರು. ಉತ್ತರ ಹೇಳಿಕೊಟ್ಟವರೂ ಅವರೇ. ಅದು ಹೀಗೆ.

ಮಲಕಾರಿಗೆ ಹದಿನೇಳು ವರ್ಷ. ಗಣಿತದಲ್ಲಿ ಎರಡು ಸಲ ಬಿದ್ದವನು, ಸೈಕಲ್ಲಿನಿಂದ ಒಂದು ಸಲವೂ ಬೀಳದವನು. ನಾಲ್ಕು ದಿನದ ಓಟದಲ್ಲಿ ಮೂರು ದಿನ ಮುಗಿದಿದ್ದವು. ಮೂರೂ ದಿನದ ವೇಳೆ ಕೂಡಿಸಿದರೆ ಅವನು ಎಲ್ಲರಿಗಿಂತ ಹನ್ನೊಂದು ಸೆಕೆಂಡು ಮುಂದೆ. ಮುಂದಿದ್ದವನಿಗೆ ಹಾಕುವ ಹಳದಿ ಅಂಗಿ ಅವನ ಮೈಮೇಲಿತ್ತು. ಅದನ್ನು ಅವನು ತೊಳೆದಿರಲಿಲ್ಲ. ತೊಳೆದರೆ ಬಣ್ಣದ ಜೊತೆ ಅದೃಷ್ಟವೂ ಹೋದೀತೆಂಬ ಅಂಜಿಕೆ. ಹತ್ತಿರ ಕೂತವರು ಮೂಗು ಮುಚ್ಚಿಕೊಂಡರೆ, "ಗೆಲುವಿನ ವಾಸನಿ, ಹೊಟ್ಟಿಕಿಚ್ಚು ಪಡಬ್ಯಾಡ್ರಿ" ಎನ್ನುತ್ತಿದ್ದ.

ಆ ಅಂಗಿ ನಾಳೆಯೂ ಉಳಿದರೆ ರಾಜ್ಯದ ತಂಡದಲ್ಲಿ ಜಾಗ. ಹೋದರೆ ಊರು, ಮತ್ತು ಮೂರನೇ ಸಲ ಗಣಿತ.

ಆದರೆ ನಾಳೆಯ ಓಟ ಈ ಮೂರು ದಿನದ ಹಾಗಿರಲಿಲ್ಲ. ನಾಳೆ ಗುಂಪಿಲ್ಲ. ಒಂದೊಂದು ನಿಮಿಷಕ್ಕೆ ಒಬ್ಬೊಬ್ಬರನ್ನೇ ಬಿಡುತ್ತಾರೆ. ಅದಕ್ಕೆ ಟೈಮ್ ಟ್ರಯಲ್ ಎಂದು ಹೆಸರು. ಹಿಂದಿದ್ದವನು ಮೊದಲು ಹೊರಡುತ್ತಾನೆ, ಹಳದಿ ಅಂಗಿಯವನು ಎಲ್ಲರ ಕೊನೆಗೆ. ಅವನು ಕೊನೆಗೆ ಮುಟ್ಟಿದರೂ ಗಡಿಯಾರದ ಲೆಕ್ಕದಲ್ಲಿ ಮೊದಲು ಬರಬಹುದು. ಒಗಟಿನ ಉತ್ತರ ಇಷ್ಟೇ. ಮಲಕಾರಿಗೆ ಉತ್ತರ ತಿಳಿಯಿತು, ಸಮಾಧಾನ ಆಗಲಿಲ್ಲ.

ಏಕೆಂದರೆ ಅವನ ಜಾಣತನವೆಲ್ಲ ಗುಂಪಿನಲ್ಲಿತ್ತು. ಮುಂದಿನವನ ಸೈಕಲ್ಲಿನ ಹಿಂದೆ ಒಂದು ಗೇಣು ಬಿಟ್ಟು ತನ್ನ ಗಾಲಿ ಇಟ್ಟುಬಿಟ್ಟನೆಂದರೆ ಆಯಿತು. ಗಾಳಿ ಸೀಳುವ ಕಷ್ಟ ಮುಂದಿನವನದು, ಸುಖ ಹಿಂದಿನವನದು. ಓಟದ ಹುಡುಗರು ಇದಕ್ಕೆ ಗಾಲಿ ಹಿಡಿಯುವುದು ಎನ್ನುತ್ತಾರೆ. ನೂರು ಕಿಲೋಮೀಟರು ಹೀಗೆ ಹೋಗಿ, ಕೊನೆಯ ಇನ್ನೂರು ಮೀಟರಿನಲ್ಲಿ ಪಕ್ಕಕ್ಕೆ ಹಾರಿ ಗೆರೆ ಮುಟ್ಟುವುದು. ಮೊದಲು ಮುಟ್ಟಿದವನಿಗೆ ಇನಾಮೆಂದು ಅವನ ವೇಳೆಯಲ್ಲಿ ಕೆಲವು ಸೆಕೆಂಡು ಕಳೆಯುತ್ತಾರೆ. ಮಲಕಾರಿಯ ಹನ್ನೊಂದು ಸೆಕೆಂಡು ಬಂದದ್ದು ಹಾಗೆ.

ಅವನು ಮಾಸ್ತರರನ್ನು ಕೇಳಿದ:

"ಅಲ್ರಿ ಮಾಸ್ತರ, ಮೂರು ದಿನ ಎಲ್ಲಾರನೂ ಕೂಡಿಸಿ ಬಿಟ್ಟು, ಕಡೀಗೊಂದು ದಿನ ಒಬ್ಬೊಬ್ಬನ್ನ ಯಾಕ ಬಿಡ್ತಾರ? ಇದು ಸೈಕಲ್ ರೇಸೋ, ರೇಷನ್ ಅಂಗಡಿ ಪಾಳೇವೋ?"

ಮಾಸ್ತರರು ಅವನ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಎಣ್ಣೆಯ ಡಬ್ಬಿ ಕೆಳಗಿಟ್ಟರು.

"ಒಂದು ಕತಿ ಹೇಳತೀನಿ. ನಡುವ ಬಾಯಿ ಹಾಕಬಾರದು."

"ಹಾಕಂಗಿಲ್ರಿ," ಎಂದು ಮಲಕಾರಿ ಆಗಲೇ ಬಾಯಿ ಹಾಕಿದ.

ಮಾಸ್ತರರು ಕತೆ ಹೇಳಿದರು.

ಒಬ್ಬ ಸವಾರನಿದ್ದ. ಅವನಷ್ಟು ಚೆನ್ನಾಗಿ ಗಾಲಿ ಹಿಡಿಯುವವನು ಆ ಸೀಮೆಯಲ್ಲಿ ಇನ್ನೊಬ್ಬನಿರಲಿಲ್ಲ. ಮುಂದಿನವನ ಬೆನ್ನು ನೋಡಿಯೇ ಅವನಿಗೆ ಎಲ್ಲ ತಿಳಿಯುತ್ತಿತ್ತು. ಬೆನ್ನು ಬಾಗಿದರೆ ಏರು ಬಂತು. ಬೆನ್ನು ಎದ್ದರೆ ಇಳಿಜಾರು ಬಂತು. ದಾರಿ ಹೇಗಿದೆ ಎಂದು ಅವನು ಎಂದೂ ತಲೆ ಎತ್ತಿ ನೋಡಿರಲಿಲ್ಲ.

ಹೀಗೇ ಒಂದು ನಾಲ್ಕು ದಿನದ ಓಟ. ಮೂರನೆಯ ದಿನ ಮುಗಿದಾಗ ಅಂಗಿ ಅವನದಾಗಿತ್ತು. ಅವನಿಗಿಂತ ಹದಿನೈದು ಸೆಕೆಂಡು ಹಿಂದೆ ಒಬ್ಬ ವ್ಯಾಪಾರಿಯ ಮಗ. ನಲವತ್ತು ಸೆಕೆಂಡು ಹಿಂದೆ ಒಬ್ಬ ಹಾಲಿನವನು. ಹಾಲಿನವನು ದಿನಾ ಬೆಳಗ್ಗೆ ಎರಡು ಕ್ಯಾನು ಕಟ್ಟಿಕೊಂಡು ಒಬ್ಬನೇ ಊರೂರು ತಿರುಗುವವನು. ಗುಂಪಿನ ಉಪಾಯಗಳು ಅವನಿಗೆ ಬರುತ್ತಿರಲಿಲ್ಲ. ಮೂರು ದಿನವೂ ಮುಂದೆ ನಿಂತು ಎಲ್ಲರ ಪಾಲಿನ ಗಾಳಿಯನ್ನು ತಾನೇ ತಿಂದ. ಹಿಂದಿದ್ದವರು ಅವನನ್ನು ನೋಡಿ ನಕ್ಕರು. ಸವಾರ ಎಲ್ಲರಿಗಿಂತ ಹೆಚ್ಚು ನಕ್ಕ.

ನಾಲ್ಕನೆಯ ದಿನ ಇಪ್ಪತ್ತು ಕಿಲೋಮೀಟರಿನ ಒಂಟಿ ಓಟ. ಹಾಲಿನವನು ಹೊರಟ. ಒಂದು ನಿಮಿಷ ಬಿಟ್ಟು ವ್ಯಾಪಾರಿಯ ಮಗ. ಮತ್ತೊಂದು ನಿಮಿಷ ಬಿಟ್ಟು, ಎಲ್ಲರ ಕೊನೆಗೆ, ಸವಾರ.

ಹೊರಟ ಮೇಲೆ ಅವನಿಗೊಂದು ವಿಚಿತ್ರ ಕಂಡಿತು. ಎಷ್ಟು ಜೋರಾಗಿ ಹೋಗಬೇಕೆಂಬುದು ಗೊತ್ತಾಗಲಿಲ್ಲ. ಇಷ್ಟು ದಿನ ಅದನ್ನು ಇನ್ನೊಬ್ಬನ ಬೆನ್ನು ಹೇಳುತ್ತಿತ್ತು. ಈಗ ಕೇಳುವುದಕ್ಕೆ ಯಾರೂ ಇಲ್ಲ. ಹೆಚ್ಚು ತುಳಿದರೆ ಕೊನೆಗೆ ಕಾಲು ಸೋತೀತು. ಕಡಿಮೆ ತುಳಿದರೆ ಅಂಗಿ ಹೋದೀತು. ತಲೆ ತಗ್ಗಿಸಿ ಅಂಜುತ್ತಲೇ ತುಳಿದ. ಆದರೆ ಅವನ ಕಾಲಿನಲ್ಲಿ ಅವನು ತಿಳಿದುಕೊಂಡದ್ದಕ್ಕಿಂತ ಹೆಚ್ಚು ಕಸುವಿತ್ತು. ಹನ್ನೆರಡನೆಯ ಕಿಲೋಮೀಟರಿನಲ್ಲಿ ಎದುರಿಗೆ ವ್ಯಾಪಾರಿಯ ಮಗ ಕಂಡ. ಹತ್ತಿರವಾದ. ಸಿಕ್ಕೇಬಿಟ್ಟ.

ಮಾಸ್ತರರು ನಿಲ್ಲಿಸಿ ಕೇಳಿದರು. "ಒಂದು ನಿಮಿಷ ಮೊದಲ ಹೊಂಟಾವನ್ನ ಹಿಡದ ಅಂದ್ರ ಏನರ್ಥ?"

"ಆಗಲೇ ಒಂದು ನಿಮಿಷ ಗಳಿಸಿದ ಅಂತ ಅರ್ಥ. ಇಷ್ಟು ಗಣಿತ ನನಗೂ ಬರತೈತ್ರಿ."

"ನಿನಗ ಬಂತು. ಅವಗ ಬರಲಿಲ್ಲ."

ಮಾಸ್ತರರು ಮುಂದುವರಿಸಿದರು.

ಬೆನ್ನೊಂದು ಕಂಡದ್ದೇ ತಡ, ಸವಾರನ ಸೈಕಲ್ಲು ತಾನಾಗಿ ಅದರ ಹಿಂದೆ ಹೋಗಿ ಸೇರಿಕೊಂಡಿತು. ಒಂದು ಗೇಣಿನ ಅಂತರ. ಗಾಳಿ ನಿಂತಿತು. ಉಸಿರು ಹಗುರಾಯಿತು. ಕಳೆದುಹೋದ ಎಮ್ಮೆ ಕೊಟ್ಟಿಗೆಗೆ ಬಂದಂತಾಯಿತು. ಅವನ ಲೆಕ್ಕ ಸರಳವಾಗಿತ್ತು. ಅಂಗಿ ಕಸಿಯಬೇಕಾದವನು ಕಣ್ಣೆದುರಿಗೇ ಇದ್ದಾನೆ. ಇವನ ಹಿಂದೆ ಕೂತು ಹೋದರೆ ಅಂಗಿ ಎಲ್ಲಿಗೆ ಹೋದೀತು? ವ್ಯಾಪಾರಿಯ ಮಗನಿಗೆ ಅಂದು ಮೈ ಸರಿಯಿರಲಿಲ್ಲ. ಅವನು ನಿಧಾನ ಹೋದ. ಇವನೂ ಅವನ ಹಿಂದೆ ನಿಧಾನ ಹೋದ.

ಕಣ್ಣಿಗೆ ಕಾಣದಷ್ಟು ಮುಂದೆ, ಹಾಲಿನವನು ಹಾಲು ಒಡೆಯುವುದರೊಳಗೆ ಊರು ಮುಟ್ಟಬೇಕು ಎನ್ನುವಂತೆ ತುಳಿಯುತ್ತಿದ್ದ.

ಒಂಟಿ ಓಟದಲ್ಲಿ ಇನ್ನೊಬ್ಬನ ಗಾಲಿ ಹಿಡಿಯುವಂತಿಲ್ಲ. ಹಿಂದಿನಿಂದ ಬರುತ್ತಿದ್ದ ಮೋಟರ್‌ಸೈಕಲ್ಲಿನ ಅಧಿಕಾರಿ ಸೀಟಿ ಊದಿದ. ಸವಾರ ಕದಲಲಿಲ್ಲ. ಇನ್ನೊಮ್ಮೆ ಊದಿದ.

ಮಲಕಾರಿ ತಡೆದುಕೊಳ್ಳಲಾರದೆ ಹೇಳಿದ. "ಕೇಳಸಲಿಲ್ಲ ಅಂದ್ರಾತು. ನಾನಾಗಿದ್ರ ಹಂಗ ಅಂತಿದ್ದೆ."

"ಅವಗೂ ಹಂಗ ಅನಿಸಿತು," ಎಂದರು ಮಾಸ್ತರರು.

ಅವರು ಚೈನನ್ನು ಒಂದು ಸುತ್ತು ತಿರುಗಿಸಿ ನೋಡಿದರು. ಅದು ಆಗಲೇ ಸರಿಯಾಗಿತ್ತು. ಮಲಕಾರಿ ಮುಂದಕ್ಕೆ ಸರಿದು ಕೂತ. ನಾಳೆ ತನಗಿಂತ ಒಂದು ನಿಮಿಷ ಮೊದಲು ಹೊರಡುವವನ ಬೆನ್ನು ಅವನ ಕಣ್ಣಿಗೆ ಕಟ್ಟಿತ್ತು. ಅದು ಅಗಲವಾದ, ಒಳ್ಳೆಯ ಬೆನ್ನು. ಅದನ್ನು ಹಿಡಿದು ಅದರ ಹಿಂದೆ ಅಡಗಿ ಹೋಗುವುದೆಂದು ಅವನು ಮಧ್ಯಾಹ್ನವೇ ನಿಶ್ಚಯಿಸಿದ್ದ. ಯಾರಿಗೂ ಹೇಳಿರಲಿಲ್ಲ.

"ಮುಂದ ಏನಾತ್ರಿ?"

ಮಾಸ್ತರರು ಹೇಳಿದರು.

ಮೂರನೆಯ ಸೀಟಿಗೆ ಸವಾರ ತಲೆ ಎತ್ತಿದ. ಪಕ್ಕಕ್ಕೆ ಸರಿದ. ಗಾಳಿ ಎದೆಗೆ ಬಂದು ಗುದ್ದಿತು. ಮುಂದೆ ಬೆನ್ನಿಲ್ಲ, ಬರಿ ದಾರಿ. ದಾರಿ ಹೀಗಿರುತ್ತದೆಂದು ಅವನು ಮೊದಲ ಸಲ ನೋಡಿದ. ವ್ಯಾಪಾರಿಯ ಮಗನನ್ನು ದಾಟಿದ. ತನ್ನ ಉಸಿರು ತನಗೆ ಕೇಳಿಸಿತು. ಎಷ್ಟು ಜೋರಾಗಿ ಹೋಗಬೇಕೆಂದು ಆ ಉಸಿರನ್ನೇ ಕೇಳಿದ. ಅದು ಹೇಳಿತು. ಗೆರೆ ಮುಟ್ಟಿದಾಗ ಅವನು ಹಾಲಿನವನಿಗಿಂತ ಮೂವತ್ತೊಂಬತ್ತು ಸೆಕೆಂಡು ನಿಧಾನವಾಗಿದ್ದ. ಕೈಯಲ್ಲಿದ್ದದ್ದು ನಲವತ್ತು. ಒಂದು ಸೆಕೆಂಡು ಉಳಿಯಿತು, ಅಂಗಿಯೂ ಉಳಿಯಿತು.

ಮಲಕಾರಿ ತೊಡೆ ತಟ್ಟಿ ನಕ್ಕ. "ಒಂದ ಸೆಕೆಂಡು! ಮಾಸ್ತರ, ಇದು ಸಿನಿಮಾ ಆತ್ರಿ. ಅಂಥಾ ಹುಲಿ ಯಾವ ಊರಾಂವ? ಈಗ ಎಲ್ಲಿ ಅದಾನ? ಹೇಳ್ರಿ, ನಾಳೆ ಹೊಂಡೂಕಿಂತ ಮೊದಲ ಹೋಗಿ ಕಾಲು ಮುಗದು ಬರತೀನಿ."

ಮಾಸ್ತರರು ಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸಿಕೊಂಡರು.

"ಗಾಲಿ ಹಿಡಿದಾವ ನಾನು. ಕಡೀತನಕ ಬಿಡಲಿಲ್ಲ, ಅಂಗಿ ಹೋತು. ಬಿಟ್ಟು ಹೊರಗ ಬಂದಾವ ಬರೇ ಕತಿ, ಈಗ ನಿನ್ನ ಮುಂದ ಕೂತು ಕಟ್ಟಿದ್ದು."