ರಾಯರ ಗೇಟಿನ ಮುಂದಿನ ದೋಣಿ

ಕಡಲ ದಂಡೆಯ ಮೇಲೆ ವಿಶ್ವಂಭರ ರಾಯರದ್ದು ಎರಡಂತಸ್ತಿನ ಹೊಸ ಮನೆ. ಮಳೆಗಾಲಕ್ಕೆ ಮೊದಲೇ ಅದನ್ನು ಮಾರಿಬಿಡುವ ಅವಸರ ಅವರಿಗೆ. ಗೇಟಿನ ಮುಂದೆ ಮೀನುಗಾರ ದುಗ್ಗ ಮರಕಾಲನ ದೋಣಿ. ಅವನ ಅಜ್ಜನ ಕಾಲದಿಂದಲೂ ದೋಣಿ ನಿಲ್ಲುವ ಜಾಗ ಅದೇ.

"ನಾಳೆ ಮನೆ ನೋಡಲು ದೊಡ್ಡ ಜನ ಬರ್ತಾರೆ. ಈ ನಾರುವ ದೋಣಿ ನನ್ನ ಗೇಟಿನ ಮುಂದೆ ಕಂಡರೆ ಪೊಲೀಸರನ್ನು ಕರೆಸ್ತೇನೆ!" ಎಂದು ರಾಯರು ಗುಡುಗಿದರು.

"ಆಯ್ತು ಧನಿ, ಕಾಣೋದಿಲ್ಲ" ಎಂದ ದುಗ್ಗ. ನಾಲ್ಕು ಜನರನ್ನು ಸೇರಿಸಿ ದೋಣಿಯನ್ನು ಮನೆಯ ಹಿಂದಕ್ಕೆ ಎಳೆದ. ರಸ್ತೆಯನ್ನೂ ದಾಟಿಸಿ, ದಿಬ್ಬದ ಮೇಲಿನ ತೆಂಗಿನ ಮರಕ್ಕೆ ಎರಡೆರಡು ಹಗ್ಗ ಬಿಗಿದ.

ಮರುದಿನ ಕಾರಿನಿಂದ ಇಳಿದವರ ಕಣ್ಣಿಗೆ ಮೊದಲು ಬಿದ್ದದ್ದೇ ಆ ದೋಣಿ.

"ಕಡಲು ಬಿಟ್ಟು ಇಷ್ಟು ದೂರ ಯಾಕೆ ಕಟ್ಟಿದ್ದೀಯ ಮಾರಾಯ?" ಎಂದು ಅವರಲ್ಲೊಬ್ಬರು ದೋಣಿಯ ಪಕ್ಕದಲ್ಲಿದ್ದ ದುಗ್ಗನನ್ನು ಕೇಳಿದರು.

"ಮಳೆಗಾಲ ಬಂತಲ್ಲ ಧನಿ. ಕಡಲು ಮುಟ್ಟದ ಜಾಗ ನೋಡಿ ದೋಣಿ ಕಟ್ಟೋದು ನಮ್ಮ ಪದ್ಧತಿ" ಎಂದ ದುಗ್ಗ.

ಬಂದವರು ದೋಣಿ ನೋಡಿದರು. ಅಲ್ಲಿಂದ ಎಷ್ಟೋ ಕೆಳಗೆ, ಕಡಲ ಬದಿಗಿದ್ದ ಮನೆ ನೋಡಿದರು. ಮತ್ತೆ ಕಾರು ಹತ್ತಿದರು.

ಮುಂದಿನ ವಾರ ಇನ್ನೊಬ್ಬರು ಬರುವವರಿದ್ದರು. ಅಂದು ಬೆಳಿಗ್ಗೆ ಊರವರು ನೋಡುತ್ತಾರೆ, ರಾಯರೇ ಪ್ಯಾಂಟು ಮಡಚಿ, ದೋಣಿಗೆ ಹೆಗಲು ಕೊಟ್ಟು ಗೇಟಿನ ಕಡೆಗೆ ತಳ್ಳುತ್ತಿದ್ದಾರೆ!

"ನಾರುತ್ತದಲ್ಲ ಧನಿ?" ಎಂದ ದುಗ್ಗ.

"ಯಾರು ಹೇಳಿದ್ದು? ಇದು ಮನೆಗೊಂದು ಶೋಭೆ. ಬೇಗ ತಳ್ಳು ಮಾರಾಯ!"

"ಸುಮ್ಮನೆ ತಳ್ಳಿದರೆ ದೋಣಿ ಕದಲೋದಿಲ್ಲ. ನಮ್ಮ ಹಾಗೆ ಕೂಗಬೇಕು."

ರಾಯರು ಅತ್ತಿತ್ತ ನೋಡಿದರು. ಆಮೇಲೆ ಊರಿಗೆಲ್ಲ ಕೇಳುವಂತೆ ಕೂಗಿದರು: "ಐಲೇಸಾ!"