ಹಾರದ ಕೆಳಗಿನ ಸೆಲೆ

“ಕೇಳ್ರಪ್ಪೋ ಕೇಳಿ! ದೊರೆ ಬೊಮ್ಮರಸರ ಮಗಳು ಚೆನ್ನಾಜಿ ಮೂರು ಒಗಟು ಹಾಕುತ್ತಾಳೆ. ಬಿಡಿಸಿದವನಿಗೆ ಬೇಡಿದ್ದು. ತಪ್ಪಿದವನ ತಲೆ ಕೋಟೆಬಾಗಿಲಿಗೆ!”

ಹೀಗಂತ ಡಂಗುರ ಹೊಡೆಸಿದ ದೊರೆ. ಮಗಳ ಕತ್ತಿನಲ್ಲೊಂದು ಗಂಟು. ಅದರ ಹೆಸರೆತ್ತಲು ಅವನಿಗೆ ನಾಚಿಕೆ, ಅದಕ್ಕೇ ಮೇಲೊಂದು ಅಗಲವಾದ ಹಾರ, ಹೆಸರು ಹೇಳದೆಯೇ ಅದನ್ನು ವಾಸಿ ಮಾಡಬಲ್ಲವನನ್ನು ಹುಡುಕಲು ಈ ಒಗಟು. ಗಂಟು ಕೀವು ತುಂಬಿಕೊಂಡಾಗ ಹುಡುಗಿಗೆ ಗಂಜಿಯೂ ಇಳಿಯುತ್ತಿರಲಿಲ್ಲ.

“ನನ್ನ ಜೊತೆಗೇ ಹುಟ್ಟಿತು, ಏಳು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ನಾನು ಗುಟುಕು ನುಂಗಿದರೆ ಮೇಲೇರುತ್ತದೆ. ಏನದು?” ಅಂದಳು ಚೆನ್ನಾಜಿ.

“ನಿಮ್ಮ ಚೆಲುವು!” ಅಂದ ಒಬ್ಬ ರಾಜಕುಮಾರ. ತಲೆ ಹೋಯಿತು. “ನಿಮ್ಮ ಗರ್ವ,” ಅಂದ ಇನ್ನೊಬ್ಬ. ಅವನದೂ ಹೋಯಿತು. ಬಾಗಿಲ ಮೇಲೆ ಕಾಗೆಗಳಿಗೆ ಹಬ್ಬವೋ ಹಬ್ಬ.

ಮೂರನೆಯವನು ಅರಮನೆಯ ಬಾವಿ ತೋಡಲು ಬಂದಿದ್ದ ಕೆಂಚ, ಮೈಯೆಲ್ಲ ಕೆಸರು. “ಇವನ ತಲೆಗೆ ಮೊದಲು ಸ್ನಾನ ಮಾಡಿಸ್ರೋ!” ಅಂತ ನಕ್ಕರು ಸಭೆಯವರು.

ಚೆನ್ನಾಜಿ ನೀರು ಕುಡಿದಳು. ಬೇರೆಯವರು ಹಾರದ ಹರಳು ನೋಡಿದ್ದರು. ಕೆಂಚ ಹಾರ ಮೇಲೇರಿದ್ದನ್ನು ನೋಡಿದ.

“ಕತ್ತಿನ ಗಂಟು, ತಾಯಿ.”

ಚೆನ್ನಾಜಿ ಎರಡನೆಯ ಒಗಟು ಹಾಕಿದಳು.

“ಎರಡು ಸಲ ಕೊಯ್ದು ಬರಿದು ಮಾಡಿದರೂ ಮತ್ತೆ ತುಂಬಿತು. ಯಾಕೆ?”

“ನೀರು ಮೊಗೆದರೆ ಬಾವಿ ಬತ್ತುತ್ತದೆಯೇ? ಸೆಲೆ ಹಾಗೇ ಉಳಿದಿದೆ.”

“ಸೆಲೆ ಎಲ್ಲಿದೆ? ಇದೇ ಮೂರನೆಯದು.”

“ನಾಲಿಗೆ ಚಾಚಿ, ತಾಯಿ.”

ಚಾಚಿದಳು. ಹಾರ ಮತ್ತೆ ಏರಿತು.

“ನಾಲಿಗೆ ಎಳೆದರೆ ಗಂಟೂ ಏರುತ್ತದೆ, ಅಂದಮೇಲೆ ಸೆಲೆ ನಾಲಿಗೆಯ ಬುಡದಲ್ಲಿದೆ. ನಡುವೆ ಎಳೆಯಷ್ಟು ಸಣ್ಣ ದಾರಿ. ಜೊತೆಗೇ ಹುಟ್ಟಿತು ಅಂದಿರಲ್ಲ, ಆ ದಾರಿ ತಾಯ ಹೊಟ್ಟೆಯಲ್ಲೇ ಮುಚ್ಚಬೇಕಿತ್ತು, ಮುಚ್ಚಲಿಲ್ಲ. ಶಾಪವೂ ಅಲ್ಲ, ಪಾಪವೂ ಅಲ್ಲ. ದಾರಿಸಮೇತ ತೆಗೆಯಬೇಕು.”

“ಹಾಗೇ ತೆಗೆಯಲು ಹೋದೆನಲ್ಲಪ್ಪಾ!” ಮೂಲೆಯಿಂದ ಮುದಿ ಶಸ್ತ್ರವೈದ್ಯ ತಿಮ್ಮಜ್ಜ ಅತ್ತ. “ದಾರಿ ಗದ್ದದ ಕೆಳಗಿನ ಸಣ್ಣ ಮೂಳೆಯ ನಡುವೆ ಹಾಯುತ್ತದೆ, ಅದನ್ನೂ ತುಸು ಕತ್ತರಿಸಬೇಕು ಅಂದೆ. ರಕ್ತ ಕಂಡು ದೊರೆ ಸಾಕು ಅಂದರು, ಎರಡು ಸಲವೂ. ಗಂಟು ಮರಳಿದಾಗ ನನ್ನ ಹೆಬ್ಬೆರಳು ತೆಗೆಸಿದರು.”

ದೊರೆ ತಲೆ ತಗ್ಗಿಸಿದ. ವಾಸಿ ಮಾಡಬಲ್ಲ ಕೈಯ ಹೆಬ್ಬೆರಳನ್ನು ತಾನೇ ಕಡಿಸಿದ್ದ.

“ಅಜ್ಜ ಹೇಳಲಿ, ಕೆಂಚ ಕೊಯ್ಯಲಿ,” ಅಂದಳು ಚೆನ್ನಾಜಿ. “ಅಪ್ಪಾ, ನೀವು ಹೊರಗಿರಿ.”

ಅಫೀಮು ಕುಡಿಸಿದರೂ ಅವಳ ಚೀರಾಟ ಕೋಟೆಬಾಗಿಲಿನ ತನಕ ಕೇಳಿಸಿತು. ಈ ಸಲ ಯಾರೂ ಸಾಕು ಅನ್ನಲಿಲ್ಲ. ಗಂಟು, ದಾರಿ, ಮೂಳೆಯ ಚೂರು, ಮೂರೂ ಬಂದವು. ವರ್ಷ ಕಳೆದರೂ ಮರಳಲಿಲ್ಲ.

“ಏನು ಬೇಕೋ ಕೇಳೋ,” ಅಂದ ದೊರೆ.

“ಬಾಗಿಲ ಮೇಲಿನ ತಲೆ ಇಳಿಸಿ ಅವರವರ ತಾಯಂದಿರಿಗೆ ಕೊಡಿ. ಆ ಹಾರ ನನಗೆ ಕೊಡಿ.”

ಹಾರವನ್ನು ಅವನು ತಿಮ್ಮಜ್ಜನ ಕೈಗಿಟ್ಟ. ಅಜ್ಜ ಕೊರಳಿಗೆ ಹಾಕಿಕೊಳ್ಳಲು ಹೋದ, ಕೊಂಡಿ ಜಾರಿತು. ಮತ್ತೆ ಜಾರಿತು. ಹೆಬ್ಬೆರಳಿರಲಿಲ್ಲವಲ್ಲ.

 ಕೊನೆಗೆ ದೊರೆಯೇ ಸಿಂಹಾಸನ ಇಳಿದು ಬಂದು, ಅವನ ಬೆನ್ನ ಹಿಂದೆ ನಿಂತು, ಕೊಂಡಿ ಹಾಕಿದ.