ತಿಪ್ಪಕ್ಕ ಮತ್ತು ಊರಿಗುಳಿದ ಒಂದೇ ಹುಂಜ

ಬಲು ಹಿಂದೆ, ನನ್ನ ಅಜ್ಜಿಯ ಅಜ್ಜಿಗೂ ಹಾಲುಹಲ್ಲು ಮೂಡದಿದ್ದ ಕಾಲದಲ್ಲಿ, ಒಂದೂರಿನಲ್ಲಿ ತಿಪ್ಪಕ್ಕ ಅಂತ ಒಬ್ಬಳಿದ್ದಳಂತೆ. ಯಾವೂರು ಅಂತ ಕೇಳಬೇಡಿ. ಸುತ್ತಿನ ಮೂರೂರಿನವರೂ ನಮ್ಮೂರವಳೇ ಅನ್ನುತ್ತಾರೆ. ನಾನಂತೂ ನಮ್ಮೂರವಳು ಅಂತಲೇ ಹೇಳುವವಳು. ಒಪ್ಪದವರು ಎದ್ದು ಹೋಗಿ, ಜಾಗವಾದರೂ ಆಗುತ್ತದೆ.

ಅವಳಿಗಿಂತ ಮುಂಚೆ ಹುಟ್ಟಿದ ಕೂಸುಗಳೆಲ್ಲ ತೀರಿಹೋಗಿದ್ದವು. ಅದಕ್ಕೆ ಇವಳಾದರೂ ಉಳಿಯಲಿ ಅಂತ ಹುಟ್ಟಿದ ಮೂರನೇ ದಿನ ತಿಪ್ಪೆಯ ಮೇಲೆ ಮಲಗಿಸಿ, ಎತ್ತಿಕೊಂಡು ಬಂದು, ಆ ಹೆಸರಿಟ್ಟರಂತೆ. ತಿಪ್ಪೆ ಕೆದಕುತ್ತಿದ್ದ ಹೇಂಟೆಯೊಂದು ಕೂಸಿನ ಪಕ್ಕದಲ್ಲಿ ರೆಕ್ಕೆ ಬಿಚ್ಚಿ ಕೂತುಬಿಟ್ಟಿತಂತೆ, ಎಬ್ಬಿಸಿದರೂ ಏಳಲಿಲ್ಲವಂತೆ. ಅದು ನಿಜವೋ ಸುಳ್ಳೋ ಗೊತ್ತಿಲ್ಲ, ಅವಳಿಗೆ ಕೋಳಿಯ ಹುಚ್ಚು ಹಿಡಿದದ್ದಂತೂ ನಿಜ.

ದೊಡ್ಡವಳಾದ ಮೇಲೆ ಗಂಡ ಬೇಗ ತೀರಿಕೊಂಡ. ಮಕ್ಕಳಾಗಿರಲಿಲ್ಲ. ಊರಂಚಿನಲ್ಲಿ ಎರಡಂಕಣದ ಮನೆ, ಹನ್ನೆರಡು ಹೇಂಟೆ, ಒಂದು ಹುಂಜ, ಇಷ್ಟೇ ಅವಳ ಸಂಸಾರ. ಮೊಟ್ಟೆಗೆ ಸಾಕುತ್ತೀಯಾ ಎಂದು ಕೇಳಿದರೆ ಅಲ್ಲ ಅನ್ನುತ್ತಿದ್ದಳಂತೆ. ಸಾರಿಗೋ ಎಂದರೆ ಥೂ ಅನ್ನುತ್ತಿದ್ದಳಂತೆ. ಮತ್ತೆ ಯಾತಕ್ಕೆ ಎಂದರೆ, "ಬೆಳಗಾಗೆದ್ದು ಕೋಳಿ ಮುಚ್ಚಿದ್ದ ಮಂಕರಿ ಎತ್ತಿದೇಟಿಗೆ ಎಲ್ಲಾ ಒಟ್ಟಿಗೆ ಓಡ್ತಾವಲ್ಲ, ಅದ ನೋಡಾಕೆ ಸಾಕ್ತೀನಿ ಕಣವ್ವ" ಅನ್ನುತ್ತಿದ್ದಳಂತೆ. ನೀವೇ ಹೇಳಿ, ಅದನ್ನು ನೋಡಿ ನಗದವರು ಯಾರಿದ್ದಾರೆ? ಎಲ್ಲಿಗೋ ಹೊತ್ತಾಯಿತು ಅನ್ನುವ ಹಾಗೆ ಓಡುತ್ತವೆ, ನಾಲ್ಕು ಮಾರು ಹೋಗಿ ಮರೆತುಹೋಗಿ ನಿಂತುಬಿಡುತ್ತವೆ. ಅವಳ ಒಂದು ಹೇಂಟೆ ಒನಕೆ ಇಡುವ ಮೂಲೆ ಬಿಟ್ಟು ಬೇರೆಲ್ಲೂ ಮೊಟ್ಟೆ ಇಡುತ್ತಿರಲಿಲ್ಲವಂತೆ. ಇನ್ನೊಂದು ಹೇಂಟೆ ಇಡುತ್ತಿದ್ದುದು ಒಂದು ಮೊಟ್ಟೆ, ಕೂಗುತ್ತಿದ್ದುದು ಹತ್ತು ಇಟ್ಟ ಹಾಗಂತೆ. ಕೇರಿಯ ಹೆಂಗಸರು ಕೆಲಸ ಮುಗಿಸಿ ಅವಳ ಜಗಲಿಗೆ ಬಂದು, ಸುಮ್ಮನೆ ಕೋಳಿ ನೋಡುತ್ತಾ ಕೂರುತ್ತಿದ್ದರಂತೆ. ಅತ್ತೆಯ ಮೇಲಿನ ಸಿಟ್ಟೂ ಅಲ್ಲಿ ಅರ್ಧ ಇಳಿಯುತ್ತಿತ್ತಂತೆ.

ಹುಂಜಕ್ಕೆ ಅವಳು ಸಾವ್ಕಾರ ಅಂತ ಹೆಸರಿಟ್ಟಿದ್ದಳು. ಕೆಂಪು ಮೈ, ಕಪ್ಪು ಬಾಲ, ಎದೆ ಮುಂದೆ ಮಾಡಿಕೊಂಡು ಎರಡು ಹೆಜ್ಜೆಗೊಮ್ಮೆ ನಿಂತು ನೋಡುವ ನಡಿಗೆ. ಕಾಳು ಸಿಕ್ಕರೆ ತಾನು ತಿನ್ನದೆ ಹೇಂಟೆಗಳನ್ನು ಕರೆಯುವನು. ಕತ್ತಲಾಗುವ ಮುಂಚೆ ಅವಳ ಮಡಿಲಿಗೆ ಬಂದು ಕುತ್ತಿಗೆ ನೀವಿಸಿಕೊಂಡೇ ಮಂಕರಿಯೊಳಕ್ಕೆ ಹೋಗುವನು.

ಹೀಗಿರುವಾಗ ಊರಿಗೆ ಬೇನೆ ಬಂತಂತೆ. ಮನೆಮನೆಯಲ್ಲೂ ಕೂಸುಗಳು ಜ್ವರದಲ್ಲಿ ಬೆಂದವು. ಜನ ಊರಮ್ಮನ ಗುಡಿಗೆ ಓಡಿ, ಮಕ್ಕಳನ್ನು ಉಳಿಸು ತಾಯಿ, ನಮ್ಮನೆ ಹುಂಜ ಕೊಡುತ್ತೇವೆ ಅಂತ ಹರಕೆ ಹೊತ್ತರು. ತಿಪ್ಪಕ್ಕನೂ ಹೊತ್ತಳು. ಊರ ಮಕ್ಕಳೆಂದರೆ ಅವಳಿಗೂ ಮಕ್ಕಳೇ. ಅಮ್ಮ ಕಣ್ಣು ಬಿಟ್ಟಳು, ಬೇನೆ ಇಳಿಯಿತು, ಒಂದು ಮಂಗಳವಾರ ಊರಿಗೂರೇ ಹರಕೆ ತೀರಿಸಿತು.

ಎಡವಟ್ಟಾದದ್ದು ಅಲ್ಲೇ. ಒಂದು ಹುಂಜ ಇದ್ದರೆ ಕೇರಿಗೆಲ್ಲ ಸಾಕಲ್ಲ? ನಮ್ಮದು ಹೋದರೇನು, ಪಕ್ಕದ ಮನೆಯದು ಇದೆಯಲ್ಲ ಅಂತ ಇವರಂದುಕೊಂಡರು. ಪಕ್ಕದ ಮನೆಯವರೂ ಹಾಗೇ ಅಂದುಕೊಂಡರು. ಹೊತ್ತು ಇಳಿಯುವುದರೊಳಗೆ ಊರಲ್ಲಿ ಒಂದು ಹುಂಜವೂ ಉಳಿದಿರಲಿಲ್ಲವಂತೆ.

ಒಂದು ಬಿಟ್ಟು. ಆ ಬೆಳಿಗ್ಗೆ ಸಾವ್ಕಾರ ಹುಣಸೆಮರದ ತುದಿ ಹತ್ತಿ ಕೂತಿದ್ದನಂತೆ. ತಾನಾಗಿ ಹತ್ತಿದನೋ, ತಿಪ್ಪಕ್ಕನೇ ಹತ್ತಿಸಿದಳೋ, ಆ ಮಾತು ನನ್ನ ಬಾಯಲ್ಲಿ ಬೇಡ. ಮಾರನೆಯ ದಿನ ತಿಪ್ಪಕ್ಕ, ಹುಂಜವನ್ನು ಕಾಡುಬೆಕ್ಕು ಹೊತ್ತುಕೊಂಡು ಹೋಯಿತು ಅಂತ ಊರಿಗೆ ಸುಳ್ಳು ಹೇಳಿದಳು. ಸಾವ್ಕಾರನನ್ನು ಹಿತ್ತಿಲ ಕೋಣೆಯಲ್ಲಿ ಮಂಕರಿಯಡಿ ಇಟ್ಟು, ಮೇಲೆ ಗೋಣಿ ಹೊದಿಸಿದಳು. ಕತ್ತಲಲ್ಲಿದ್ದ ಹುಂಜ ಕೂಗಲಿಲ್ಲ. ಹುಂಜ ಉಳಿಯಿತು, ಅವಳ ಖುಷಿ ಮಾತ್ರ ಉಳಿಯಲಿಲ್ಲ. ಗೋಣಿ ಎತ್ತಿ ನೋಡಿದವಳು ಬೇಗ ಬೇಗ ಮತ್ತೆ ಮುಚ್ಚಿಬಿಡುತ್ತಿದ್ದಳಂತೆ.

ಇತ್ತ ಊರ ಹೇಂಟೆಗಳು ಕಾವಿಗೆ ಕೂತವು. ಇಪ್ಪತ್ತೊಂದು ದಿನ ಕಳೆಯಿತು, ಮೊಟ್ಟೆ ಒಡೆಯಲಿಲ್ಲ. ಮೂವತ್ತಾಯಿತು, ನಲವತ್ತಾಯಿತು. ಆಗ ಊರಿಗೆ ಎಚ್ಚರವಾಗಿ ಹುಂಜ ಹುಡುಕಿದರು. ಬೇನೆ ಹಾದುಹೋಗಿದ್ದ ಅಕ್ಕಪಕ್ಕದೂರುಗಳಲ್ಲೂ ಇದೇ ಕತೆ. ಹೇಂಟೆಗಳು ಮಾತ್ರ ಕಾವು ಬಿಡಲೊಲ್ಲವು. ನೀರಲ್ಲಿ ಮುಳುಗಿಸಿದರು, ಮೂಗಿಗೆ ಗರಿ ಚುಚ್ಚಿದರು, ಆದರೂ ಹೋಗಿ ಆ ಕೊಳೆತ ಮೊಟ್ಟೆಯ ಮೇಲೇ ಕೂರುತ್ತಿದ್ದವಂತೆ. ಊರೆಲ್ಲ ಬಿಕೋ ಅನ್ನುತ್ತಿತ್ತಂತೆ.

ಒಂದು ಮಧ್ಯಾಹ್ನ ಊರಗೌಡನ ಹೆಂಡತಿ ತನ್ನ ಹೇಂಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಕೋಳಿಯ ಗುಣ ಬಲ್ಲವಳು ಅಂತ ತಿಪ್ಪಕ್ಕನ ಹತ್ತಿರ ಬಂದಳು. ಹೇಂಟೆ ಸೊರಗಿ ಹೂವಿನಷ್ಟು ಹಗುರವಾಗಿತ್ತು. ಎದೆಯ ಗರಿಯೆಲ್ಲ ಉದುರಿತ್ತು, ಮೂಗಲ್ಲಿ ಗರಿ ಹಾಗೇ ಇತ್ತು. ತಿಪ್ಪಕ್ಕ ಆ ಗರಿಯನ್ನು ಮೆಲ್ಲಗೆ ಕಿತ್ತು ತೆಗೆದಳು. ಆಮೇಲೆ ಅವಳ ಕೈಲಿ ತಡೆಯಲಾಗಲಿಲ್ಲ. ಹಿತ್ತಿಲ ಕೋಣೆಗೆ ಹೋಗಿ, ಗೋಣಿ ಎಳೆದು, ಮಂಕರಿ ಎತ್ತಿಬಿಟ್ಟಳು.

ಸಾವ್ಕಾರ ಬಿಸಿಲಿಗೆ ಬಂದು ಮೈ ಕೊಡವಿ ಕೂಗಿದನಂತೆ. ಎಷ್ಟು ದಿನದ ಕೂಗೋ, ಊರಿನ ಆ ತುದಿಯವರೆಗೂ ಕೇಳಿಸಿತಂತೆ. ಹೆಂಗಸರು ಮೊರ ಬಿಟ್ಟು ಬಂದರು. ಗೌಡನೂ ಬಂದ, ಗುಡಿಯ ಪೂಜಾರಿಯನ್ನು ಕರೆದುಕೊಂಡೇ ಬಂದ. ಅಮ್ಮನಿಗೆ ಹೇಳಿದ್ದನ್ನು ಬಚ್ಚಿಟ್ಟಿದ್ದೀಯಲ್ಲ, ಮತ್ತೆ ಬೇನೆ ಬಂದರೆ ಯಾರು ಹೊಣೆ, ಈಗಲೇ ನಡೆ ಗುಡಿಗೆ ಅಂದ. ಗೌಡ ಕೆಟ್ಟವನಲ್ಲ. ಮೊಮ್ಮಗ ಸಾವಿನ ಬಾಯಿಂದ ಬಂದಿದ್ದ, ಅವನ ಭಯ ಅವನಿಗೆ.

ತಿಪ್ಪಕ್ಕ ಹುಂಜವನ್ನು ಎತ್ತಿಕೊಂಡು ಗುಡಿಗೆ ನಡೆದಳು. ಅಮ್ಮನ ಮುಂದೆ ನಿಂತು, ನಾನು ಸುಳ್ಳು ಹೇಳಿದೆ, ತಪ್ಪಾಯ್ತು ಅಂದಳಂತೆ. "ಇವನು ನಿನ್ನೋನೇ ತಾಯಿ. ಬೇಕು ಅಂದ್ರೆ ಈಗ್ಲೇ ತಗಾ. ಆದ್ರೆ ಇವ್ನೂ ಹೋದ್ರೆ ಊರಾಗೆ ಒಂದು ಪಿಳ್ಳೆನೂ ಏಳಾಕಿಲ್ಲ. ಇವನ್ನ ಉಳಿಸಿಕೊಟ್ರೆ ನನ್ನ ಮನೇಗೆ ಇಟ್ಕಳಾಕಿಲ್ಲ, ನಿನ್ನ ಹೆಸರಿನಾಗೆ ಕೇರಿಗೆ ಬಿಡ್ತೀನಿ" ಅಂದಳಂತೆ.

ಪೂಜಾರಿ ಅಮ್ಮನ ಮುಡಿಗೆ ಹೂವಿಟ್ಟು ಅಪ್ಪಣೆ ಕೇಳಿದ. ಬಲಕ್ಕೆ ಬಿದ್ದರೆ ಹುಂಜ ಉಳಿಯುವುದು, ಎಡಕ್ಕೆ ಬಿದ್ದರೆ ಕೊಡುವುದು. ಹೂವು ಅಲುಗಲಿಲ್ಲ. ಬಿಸಿಲು ಇಳಿಯಿತು, ಆದರೂ ಅಲುಗಲಿಲ್ಲ. ಇನ್ನೆಷ್ಟು ಹೊತ್ತು, ಹಿಡಿಯಿರಿ ಎಂದು ಗೌಡ ಅಂದ. ಪೂಜಾರಿ ತಿಪ್ಪಕ್ಕನ ಕೈಯಿಂದ ಸಾವ್ಕಾರನನ್ನು ತೆಗೆದುಕೊಳ್ಳಲು ಹೋದ. ಸಾವ್ಕಾರ ಪಟಪಟ ರೆಕ್ಕೆ ಬಡಿದ. ಹೂವು ಉದುರಿತು, ಬಲಕ್ಕೆ!

ಅದು ರೆಕ್ಕೆಯ ಗಾಳಿಗೆ ಬಿದ್ದದ್ದು ಅಂತ ಗೌಡ ಗೊಣಗಿದನಂತೆ. ಆಗ ಗೌಡತಿ, ಅಷ್ಟು ಜನರ ಮುಂದೆ ಗಂಡನಿಗೆ ಎಂದೂ ಎದುರಾಡದವಳು, "ಗಾಳಿ ಬೀಸಾದು ಯಾರ ಅಪ್ಪಣೆಯಿಂದ ಅಂದ್ಕಂಡಿದೀರಿ?" ಅಂದಳಂತೆ. ಗೌಡ ಅಮ್ಮನಿಗೆ ಕೈಮುಗಿದು ಗುಡಿಯಿಂದ ಇಳಿದ. ಅವನು ಮಾತಿಗೆ ಸೋತದ್ದು ಅದೊಂದೇ ಸಲ ಅಂತ ನಮ್ಮಜ್ಜಿ ಹೇಳುತ್ತಿದ್ದಳು.

ತಿಪ್ಪಕ್ಕ ಮಾತಿಗೆ ತಪ್ಪಲಿಲ್ಲ. ಹುಂಜವನ್ನು ಕೇರಿಯ ನಡುವೆ ಇಳಿಸಿ ಮನೆಗೆ ಬಂದಳು. ಅದು ಅವಳ ಹಿಂದೆಯೇ ಬಂತು. ಹೋಗಪ್ಪ, ನೀನು ನನ್ನವನಲ್ಲ ಅಂತ ಬಾಗಿಲು ಹಾಕಿಕೊಂಡು ಒಳಗೆ ಅತ್ತಳಂತೆ. ಮೂರು ಸಂಜೆ ಬಂದು ಹೊಸ್ತಿಲ ಹತ್ತಿರ ನಿಂತಿತಂತೆ. ನಾಲ್ಕನೆಯ ಸಂಜೆ ಗೌಡನ ಮನೆಯ ಮಾಡಿನ ಮೇಲೆ ಹೋಗಿ ಕೂತಿತಂತೆ.

ಎರಡು ತಿಂಗಳಾಗುವಷ್ಟರಲ್ಲಿ ಮನೆಮನೆಯಲ್ಲೂ ಪಿಳ್ಳೆಗಳು. ಸೆರಗು ಸಿಕ್ಕಿಸಿಕೊಂಡು ತಿಪ್ಪಕ್ಕ ಒಂದೊಂದು ಮನೆಗೂ ಹೋಗಿ ಪಿಳ್ಳೆ ನೋಡಿದಳಂತೆ. ಇದರ ನಡಿಗೆ ನೋಡ್ರೇ, ಇದರ ನಡಿಗೆ ನೋಡ್ರೇ ಅಂತ ಹೋದಲ್ಲೆಲ್ಲ ನಕ್ಕಳಂತೆ. ಕಳೆದುಹೋಗಿದ್ದ ಖುಷಿಯೆಲ್ಲ ಆ ಒಂದೇ ದಿನಕ್ಕೆ ವಾಪಸ್ಸು ಬಂತಂತೆ.

ಇವತ್ತಿಗೂ ನಮ್ಮ ಕಡೆ ಊರಮ್ಮನ ಹೆಸರಿನಲ್ಲಿ ಕೇರಿಗೊಂದು ಹುಂಜವನ್ನು ಬಿಟ್ಟಿರುತ್ತೇವೆ. ನೆಂಟರು ಬಂದರೂ, ಹಬ್ಬ ಬಂದರೂ ಅದಕ್ಕೆ ಕತ್ತಿ ತಾಗಿಸುವುದಿಲ್ಲ. ಮೊಟ್ಟೆ ಒಡೆದು ಪಿಳ್ಳೆ ಬಂದ ಮನೆಯವರು ಮೊದಲ ಹಿಡಿ ನವಣೆಯನ್ನು ಅದಕ್ಕೇ ಹಾಕುತ್ತಾರೆ. ಹೊಸದಾಗಿ ಬಂದ ಸೊಸೆ ಯಾರಾದರೂ ತಿಳಿಯದೆ, ಒಣಗಲು ಹಾಕಿದ ಕಾಳಿನಿಂದ ಅದನ್ನು ಅಟ್ಟಿ, ಇದು ಯಾರ ಮನೆಯ ಹುಂಜ ಅಂತ ಕೇಳಿದರೆ, ಊರಮ್ಮನದು ಅಂತ ಯಾರೂ ಹೇಳುವುದಿಲ್ಲ. ತಿಪ್ಪಕ್ಕನದು ಕಣವ್ವ, ತಿನ್ನಲಿ ಬಿಡು ಅನ್ನುತ್ತೇವೆ.